ಕಪ್ಪು ಜಿಗರಿನ ತಾವೂಸ್

ನನ್ನ ಅಣ್ಣ ನಜಾತ್‌ಗೆ ಹೆಣ್ಣು ನೋಡಲು ಅಮ್ಮ ಹೋದದ್ದು ಕೇರಿಯ ಹೆಂಗಸರೆಲ್ಲ ಸೇರುವ ಸ್ನಾನದ ಮನೆಗೆ. ಇಸ್ಫಹಾನಿನ ನಮ್ಮ ಯಹೂದಿ ಕೇರಿಯಲ್ಲಿ ಅದೇ ರೂಢಿ. ಮುಸುಕು, ಕುಪ್ಪಸ, ಬಳೆ ಏನೂ ಇಲ್ಲದ ಕಡೆ ಹುಡುಗಿಯ ಊನ ಮುಚ್ಚಿಡಲು ಆಗುವುದಿಲ್ಲ ಎಂಬುದು ಹಿರಿಯರ ಲೆಕ್ಕ. ನಾನೂ ಜೊತೆಗೆ ಹೋಗಿದ್ದೆ. ತಾವೂಸ್ ತನ್ನ ತಾಯಿಯ ಬೆನ್ನು ಉಜ್ಜುತ್ತ ಕೂತಿದ್ದಳು. ಉದ್ದನೆಯ ಹುಡುಗಿ, ಅಗಲ ಭುಜ, ಮಂಡಿ ಮುಟ್ಟುವ ಕೂದಲು. ಅಮ್ಮ ಮೆಚ್ಚಿಕೊಂಡು ಹತ್ತಿರ ಹೋಗಿ, ಹಲ್ಲು ನೋಡಿ, ಕೂದಲು ಎಳೆದು, ಗಲ್ಲ ಹಿಡಿದು ಮುಖ ಎತ್ತಿದಳು. ಗುಮ್ಮಟದ ಗಾಜಿನಿಂದ ಇಳಿಯುವ ಬೆಳಕು ಹುಡುಗಿಯ ಕಣ್ಣಿಗೆ ಬಿತ್ತು. ಕಣ್ಣಿನ ಬಿಳಿ ಬಿಳಿಯಾಗಿರಲಿಲ್ಲ. ಹಳೆಯ ದಂತದ ಹಾಗೆ ಹಳದಿ.

"ಅಯ್ಯೋ, ಕಾಮಾಲೆ!" ಎಂದು ಅಮ್ಮ ಕೈ ಬಿಟ್ಟಳು.

ಸುತ್ತಲಿನ ತಂಬಿಗೆಗಳ ಸದ್ದು ನಿಂತಿತು. ತಾವೂಸ್ ತಲೆ ತಗ್ಗಿಸಲಿಲ್ಲ.

"ಹೌದು ಬೀಬಿ, ಹಳದಿ. ದೊಡ್ಡವಳಾದಾಗಿನಿಂದ ಹೀಗೇ ಇದೆ. ಹಲ್ಲು ನೋಡಿದ್ರಿ, ಕೂದಲು ಎಳೆದು ನೋಡಿದ್ರಿ, ಈಗ ಕಣ್ಣೂ ನೋಡಿದ್ರಿ. ಇನ್ನೇನಾದ್ರೂ ಬಾಕಿ ಇದ್ರೆ ಹೇಳಿ, ತಿರುಗಿ ನಿಂತ್ಕೋತೀನಿ."

ಯಾರೋ ಕಿಸಕ್ಕನೆ ನಕ್ಕರು. ಅಮ್ಮ ನನ್ನ ರಟ್ಟೆ ಹಿಡಿದು ಎಳೆದುಕೊಂಡು ಹೊರಗೆ ಬಂದಳು. ಮನೆ ತಲುಪುವವರೆಗೂ ಅವಳ ಬಾಯಲ್ಲಿ ಒಂದೇ ಮಾತು: "ನಾಲಿಗೆ ನೋಡಿದೆಯಾ ಅವಳದು! ಮೈಯಲ್ಲಿ ರೋಗ, ಬಾಯಲ್ಲಿ ಬೆಂಕಿ!"

ಆದರೆ ನಜಾತ್ ಆಗಲೇ ಮನಸ್ಸು ಮಾಡಿಯಾಗಿತ್ತು. ಅವನು ಕೇರಿಯ ತುದಿಯ ಅಂಗಡಿಯಲ್ಲಿ ಜಿಗರ್ ಸುಡುವವನು. ಜಿಗರ್ ಅಂದರೆ ಲಿವರ್. ಕುರಿಯ ಜಿಗರನ್ನು ಹೋಳು ಮಾಡಿ, ಉಪ್ಪು ಸವರಿ, ಕಡ್ಡಿಗೆ ಪೋಣಿಸಿ ಕೆಂಡದ ಮೇಲೆ ಸುಟ್ಟು ರೊಟ್ಟಿಯಲ್ಲಿ ಸುತ್ತಿ ಕೊಡುತ್ತಿದ್ದ. ತಾವೂಸ್ ಒಮ್ಮೆ ಅವನ ಅಂಗಡಿಗೆ ಬಂದು, "ಇದನ್ನ ಸುಟ್ಟಿದ್ದೀಯೋ, ಹೂತು ತೆಗೆದಿದ್ದೀಯೋ?" ಎಂದು ಕಡ್ಡಿಯನ್ನು ಅವನ ಮುಂದೆಯೇ ಇಟ್ಟು ಹೋಗಿದ್ದಳಂತೆ. ಅಂದಿನಿಂದ ಅವನ ಕಣ್ಣಿಗೆ ಬೇರೆ ಹುಡುಗಿ ಬಿದ್ದಿರಲಿಲ್ಲ.

"ಅವಳ ಕಣ್ಣು ಹಳದಿ ಕಣೋ," ಎಂದು ಅಮ್ಮ ಅತ್ತಳು.

"ನೋಡಿದ್ದೀನಮ್ಮ. ಚೆನ್ನಾಗಿದೆ," ಎಂದ ನಜಾತ್.

ಮದುವೆ ನಡೆಯಿತು. ನಮ್ಮ ಅತ್ತೆಯರಲ್ಲಿ ಇಬ್ಬರು ಊಟ ಮಾಡದೆ ಎದ್ದು ಹೋದರು.

ತಾವೂಸ್‌ಗೂ ನನಗೂ ಒಂದೇ ವಯಸ್ಸು. ನಾನು ಮನೆಯಲ್ಲೇ ರೇಷ್ಮೆ ನೂಲುತ್ತಿದ್ದೆ. ಅವಳು ಬಂದ ಮೇಲೆ ರಾಟೆ ಎರಡಾದವು. ನೂಲುತ್ತ ನೂಲುತ್ತ ತವರಿನಲ್ಲಿ ನಡೆದ ಚಿಕಿತ್ಸೆಗಳ ಕತೆ ಹೇಳುತ್ತಿದ್ದಳು. ಕ್ಷೌರಿಕ ಬಂದು ಹಣೆಗೆ ಗೀರು ಹಾಕಿ ರಕ್ತ ತೆಗೆದಿದ್ದ. ಅಜ್ಜಿ ಹುಳಿದಾಳಿಂಬೆಯ ರಸ ಕುಡಿಸಿ ಕುಡಿಸಿ ಹಲ್ಲು ಜುಮ್ಮೆನ್ನುವಂತೆ ಮಾಡಿದ್ದಳು. ಬಟ್ಟಲಲ್ಲಿ ಬಂಗಾರದ ಮೀನು ಬಿಟ್ಟು, ಹಳದಿಯೆಲ್ಲ ಮೀನಿಗೆ ಹೋಗಲಿ ಎಂದು ಅವಳನ್ನು ಅದರ ಮುಂದೆ ಕೂರಿಸಿದ್ದರು.

"ಮೀನು ಸತ್ತೋಯ್ತು ಮಹೀನ್. ನನ್ನ ಹಳದಿ ಹೋಗಲಿಲ್ಲ. ಆಮೇಲೆ ನನ್ನ ತಮ್ಮ ಮನೂಚೆಹರನ ಕಣ್ಣೂ ಹಳದಿ ಆಯ್ತು. ಅವನ ಮುಂದೆ ಇನ್ನೊಂದು ಮೀನು ಇಟ್ರು. ಅದೂ ಸತ್ತಿತು. ನಮ್ಮಿಬ್ಬರ ಪಾಪಕ್ಕೆ ಎರಡು ಮೀನು!"

ಅವಳ ಹಳದಿ ಒಂದೇ ಸಮನೆ ಇರುತ್ತಿರಲಿಲ್ಲ. ದಣಿದರೆ, ಜ್ವರ ಬಂದರೆ ಏರುತ್ತಿತ್ತು. ಮತ್ತೆ ಹತ್ತಿರದಿಂದ ನೋಡಿದರಷ್ಟೇ ಕಾಣುವಷ್ಟು ಇಳಿಯುತ್ತಿತ್ತು. ಮೂತ್ರ ಮಾತ್ರ ಯಾವಾಗಲೂ ಕಡು ಬಣ್ಣ, ಕಾದ ಚಹಾದ ಹಾಗೆ. ಉಳಿದಂತೆ ಅವಳು ಕತ್ತೆಯ ಹಾಗೆ ದುಡಿಯುತ್ತಿದ್ದಳು. ನೆರೆಯವರು, ನೆಂಟರು ಮಾತ್ರ ಅವಳಿಗೆಂದೇ ಬೇರೆ ಲೋಟ ಇಟ್ಟಿದ್ದರು. ಒಂದು ಸಲ ನಮ್ಮ ಸೋದರತ್ತೆ ಗುಲಂದಾಮ್ ತನ್ನ ಮನೆಯಲ್ಲಿ ಅಂಥ ಲೋಟವನ್ನು ಎಲ್ಲರೆದುರಿಗೆ ತೋರಿಸಿ, "ಇದು ತಾವೂಸಳದ್ದು, ಯಾರೂ ಮುಟ್ಟಬೇಡಿ" ಎಂದಳು. ತಾವೂಸ್ ಎದ್ದು ಗುಲಂದಾಮ್‌ಳ ಕೈಯಲ್ಲಿದ್ದ ಲೋಟವನ್ನೇ ತೆಗೆದುಕೊಂಡು ಗಟಗಟ ಕುಡಿದು ಕೆಳಗಿಟ್ಟಳು.

"ಈಗ ಇದೂ ನನ್ನದೇ ಆಯ್ತು ಅತ್ತೆ. ಹೀಗೇ ತೋರಿಸ್ತಾ ಹೋಗಿ. ನಾಳೆಗೆ ನಿಮ್ಮ ಮನೆಯಲ್ಲಿ ನಿಮಗೆ ಲೋಟ ಇರಲ್ಲ."

ಮೊದಲ ಬಸಿರಿನಲ್ಲಿ ಹಳದಿ ಉಕ್ಕಿತು. ತಿಂಗಳು ತುಂಬುತ್ತ ಬಂದಂತೆ ಕಣ್ಣು, ಅಂಗೈ, ಕುತ್ತಿಗೆ ಎಲ್ಲ ಮಾಗಿದ ನಿಂಬೆಯ ಸಿಪ್ಪೆಯಂತಾದವು. ಹೆರಿಗೆ ಸುಸೂತ್ರವಾಯಿತು, ಹೆಣ್ಣು ಮಗು, ಮಗುವಿನ ಕಣ್ಣು ಹಾಲಿನಂತೆ ಬೆಳ್ಳಗೆ. ಆದರೆ ಬಾಣಂತನದಲ್ಲಿ ತಾವೂಸ್‌ಗೆ ಬಲಪಕ್ಕೆಯ ಕೆಳಗೆ ನೋವು ಹಿಡಿಯಿತು. ಅಣ್ಣ ಹೆದರಿ ಊರಿನ ಆಸ್ಪತ್ರೆಯೊಂದಕ್ಕೆ ಕರೆದೊಯ್ದ. ಅಲ್ಲಿಯ ದೊಡ್ಡ ಸರ್ಜನ್ ನೋಡಿ, ಪಿತ್ತದ ನಾಳದಲ್ಲಿ ಕಲ್ಲು ಸಿಕ್ಕಿಕೊಂಡಿದೆ, ಪಿತ್ತ ಇಳಿಯಲು ದಾರಿಯಿಲ್ಲದೆ ರಕ್ತಕ್ಕೆ ತಿರುಗಿದೆ, ಹೊಟ್ಟೆ ಕೊಯ್ಯಲೇಬೇಕು ಎಂದರು.

ಕೊಯ್ದರು. ಕಲ್ಲು ಸಿಗಲಿಲ್ಲ. ನಾಳವೂ ಸರಿಯಾಗಿತ್ತು. ಕಂಡದ್ದು ಜಿಗರ್. ಅದು ಕೆಂಪಾಗಿರಲಿಲ್ಲ, ಬದನೆಕಾಯಿಯ ಹಾಗೆ, ಇದ್ದಿಲಿನ ಹಾಗೆ ಕಪ್ಪಗಿತ್ತು. ಸರ್ಜನ್ ಹಾಗೇ ಹೊಲಿದು ಮುಚ್ಚಿ, ಕೈ ತೊಳೆದುಕೊಂಡು ಹೊರಗೆ ಬಂದು ನಜಾತ್‌ನ ಹೆಗಲ ಮೇಲೆ ಕೈ ಇಟ್ಟರಂತೆ. "ಒಳಗೆಲ್ಲ ವಿಷ ತುಂಬಿದೆ ಮಗು. ಇಂಥ ಜಿಗರ್ ನಾನು ನೋಡಿಲ್ಲ. ಮನೆಗೆ ಕರಕೊಂಡು ಹೋಗು, ಕೇಳಿದ್ದು ತಿನ್ನಿಸು. ಬಹಳ ದಿನ ಇರಲ್ಲ."

ಬೇರೆ ಯಾರಾದರೂ ಆಗಿದ್ದರೆ ಆ ಮಾತನ್ನು ಅರ್ಧ ನಂಬುತ್ತಿದ್ದರೋ ಏನೋ. ನಜಾತ್ ದಿನವೂ ಜಿಗರ್ ಕೊಯ್ಯುವವನು. ಬಣ್ಣ ಕೆಟ್ಟ ಜಿಗರನ್ನು ಎತ್ತಿ ನಾಯಿಗೂ ಹಾಕದೆ ಮಣ್ಣಿನಲ್ಲಿ ಹುಗಿಯುತ್ತಿದ್ದವನು. ಕಪ್ಪು ಅಂದರೇನು ಎಂದು ಅವನಿಗೆ ಗೊತ್ತಿತ್ತು, ಅಥವಾ ಗೊತ್ತಿದೆ ಎಂದುಕೊಂಡಿದ್ದ. ಮನೆಗೆ ಬಂದವನು ಅಂಗಡಿಯ ಒಲೆ ಹಚ್ಚಲಿಲ್ಲ. ಚಾಕು ಮುಟ್ಟಲಿಲ್ಲ.

ತಾವೂಸ್‌ಗೆ ಯಾರೂ ಹೇಳಲಿಲ್ಲ. ಆದರೆ ನಮ್ಮ ಮನೆಯಲ್ಲಿ ಗುಟ್ಟು ಉಳಿಯುವುದುಂಟೇ? ಗುಲಂದಾಮ್ ಅತ್ತೆ ಬಂದು ಮಗುವನ್ನು ತಾನು ಸಾಕುವುದಾಗಿ ಅಮ್ಮನ ಕಿವಿಯಲ್ಲಿ ಉಸುರಿದಳು. ಅಮ್ಮ ಪೆಟ್ಟಿಗೆಯಿಂದ ಬಿಳಿ ನಾರುಬಟ್ಟೆ ತೆಗೆದು, ಅಂಗಳದ ಮೂಲೆಯಲ್ಲಿ ಅಳುತ್ತ ಹೆಣದ ಬಟ್ಟೆ ಹೊಲಿಯಲು ಕೂತಳು. ನಮ್ಮಲ್ಲಿ ಅದಕ್ಕೆ ಗಂಟು ಹಾಕಬಾರದು, ಜೇಬು ಇಡಬಾರದು. ಹೊಲಿಗೆ ನೋಡಿದರೇ ಯಾರಿಗಾದರೂ ತಿಳಿಯುತ್ತದೆ.

ಒಂದು ಮಧ್ಯಾಹ್ನ ತಾವೂಸ್ ಗೋಡೆ ಹಿಡಿದುಕೊಂಡು ಅಂಗಳಕ್ಕೆ ಬಂದಳು. ಹೊಟ್ಟೆಯ ಹೊಲಿಗೆ ಇನ್ನೂ ಮಾಗಿರಲಿಲ್ಲ.

"ಯಾರು ಸತ್ತಿದ್ದು ಅತ್ತೆ?"

ಅಮ್ಮ ಬಟ್ಟೆಯನ್ನು ತೊಡೆಯ ಕೆಳಗೆ ತುರುಕಿದಳು. "ಯಾರೂ ಇಲ್ಲ, ನನಗೇ. ವಯಸ್ಸಾಯ್ತಲ್ಲ."

"ನೀವು ಗಿಡ್ಡ. ಇದು ನನ್ನ ಅಳತೆ." ತಾವೂಸ್ ಕೈ ಚಾಚಿದಳು. "ಕೊಡಿ ಇಲ್ಲಿ."

ಅಮ್ಮ ಕೊಡಲಿಲ್ಲ. ಅವಳೇ ಬಗ್ಗಿ ಎಳೆದುಕೊಂಡಳು. ಬಗ್ಗಿದಾಗ ನೋವಿಗೆ ಮುಖ ಕಿವುಚಿತು, ಆದರೂ ಬಿಡಲಿಲ್ಲ. ಬಟ್ಟೆಯ ಅಂಚನ್ನು ಹಲ್ಲಿನಲ್ಲಿ ಕಚ್ಚಿ ಪರ್ರನೆ ಹರಿದಳು. ಇನ್ನೊಂದು ಸಲ, ಮತ್ತೊಂದು ಸಲ. ಅಂಗಳದ ತುಂಬ ಬಿಳಿ ತುಂಡುಗಳು.

"ಮಹೀನ್, ಇದನ್ನ ಒಗೆದು ಒಣಗಿಹಾಕು. ಮಗುವಿಗೆ ಕೆಳಬಟ್ಟೆ ಸಾಲ್ತಿಲ್ಲ." ಆಮೇಲೆ ಅಮ್ಮನ ಕಡೆ ತಿರುಗಿ, "ಅತ್ತೆ, ಸರ್ಜನ್ ನನ್ನ ಹೊಟ್ಟೆ ನೋಡಿರಬಹುದು. ನನ್ನ ಆಯಸ್ಸು ನೋಡಿಲ್ಲ. ನಾನು ಸಾಯೋವಾಗ ಹೇಳಿ ಸಾಯ್ತೀನಿ, ನೀವು ಅವತ್ತು ಹೊಲೀರಿ," ಎಂದಳು.

ಅಮ್ಮ ಎದೆ ಬಡಿದುಕೊಂಡಳು. ನನಗೆ ನಗು ಬಂತು, ಅಳುವೂ ಬಂತು. ಬಟ್ಟೆ ಆರಿಸಿಕೊಂಡು ಬಾವಿಯ ಕಡೆ ಓಡಿದೆ.

ಹೊಲಿಗೆ ಒಣಗಿದ ಮೇಲೆ ತಾವೂಸ್ ಮಾಡಿದ ಮೊದಲ ಕೆಲಸ ಅಂಗಡಿ ತೆರೆದದ್ದು. ಗಂಡನನ್ನು ಕರೆಯಲಿಲ್ಲ. ತಾನೇ ಇದ್ದಿಲು ಹಚ್ಚಿ, ಬೀಸಣಿಗೆ ಹಿಡಿದು ಕೂತಳು. ನಮ್ಮ ಕೇರಿಯಲ್ಲಿ ಹೆಂಗಸು ಬೀದಿಯಲ್ಲಿ ಕೂತು ಮಾಂಸ ಸುಟ್ಟದ್ದನ್ನು ಯಾರೂ ಕಂಡಿರಲಿಲ್ಲ. ಅದರಲ್ಲೂ ಹಳದಿ ಕಣ್ಣಿನ ಹೆಂಗಸು. ಸರ್ಜನ್ ಆಡಿದ ಮಾತು ಅಷ್ಟು ಹೊತ್ತಿಗೆ ಕೇರಿಯೆಲ್ಲ ಸುತ್ತಿ ಬಂದಿತ್ತು. ಜನ ಅವಳಿಗೆ 'ಕಪ್ಪು ಜಿಗರ್' ಎಂದು ಹೆಸರಿಟ್ಟರು. ಜಿಗರ್ ಎಂದರೆ ನಮ್ಮಲ್ಲಿ ಮುದ್ದಿನ ಮಾತು, ಮಕ್ಕಳನ್ನು 'ನನ್ನ ಜಿಗರೇ' ಎಂದು ಕರೆಯುತ್ತೇವೆ. ಅವಳಿಗೆ ಅದನ್ನೇ ಬೈಗುಳ ಮಾಡಿದರು.

"ಏನಮ್ಮ ಕಪ್ಪು ಜಿಗರ್, ಇವತ್ತು ಸುಡ್ತಿರೋದು ಕುರೀದೋ ನಿಂದೋ?" ಎಂದು ದಾರಿಹೋಕನೊಬ್ಬ ಕೂಗಿದ.

"ನಂದಾದ್ರೆ ನಿನ್ನಂಥೋನಿಗೆ ಜೀರ್ಣ ಆಗಲ್ಲ, ಮುಂದೆ ನಡಿ!"

ಗಿರಾಕಿ ಕಡಿಮೆಯಾದರು. ನಮ್ಮ ಕೇರಿಯ ಗುರು ಮುಲ್ಲಾ ಹನೂಕಾ ಒಂದು ದಿನ ಅಂಗಡಿಗೆ ಬಂದರು; ಯಹೂದಿ ಗುರುವನ್ನೂ ನಮ್ಮೂರಲ್ಲಿ ಮುಲ್ಲಾ ಎಂದೇ ಕರೆಯುವುದು. ಅವರು ಕೆಟ್ಟ ಮನುಷ್ಯರಲ್ಲ, ಜಗಳ ಕಂಡರೆ ಆಗದ ಮನುಷ್ಯರು.

"ತಾವೂಸ್, ಜನ ಹೆದರ್ತಾರಮ್ಮ. ಒಳಗೆ ವಿಷ ಇದೆ ಅಂತ ಡಾಕ್ಟರೇ ಹೇಳಿದಾರಂತೆ. ಸ್ವಲ್ಪ ದಿನ ನಜಾತ್ ಕೂರಲಿ."

"ಮುಲ್ಲಾ, ವಿಷ ಇದ್ದಿದ್ರೆ ಮೊದಲು ನಾನು ಸಾಯ್ಬೇಕು, ಆಮೇಲೆ ನನ್ನ ಹಾಲು ಕುಡಿಯೋ ಮಗು, ಆಮೇಲೆ ನನ್ನ ಜೊತೆ ಮಲಗೋ ಗಂಡ. ಮೂವರೂ ಇದ್ದೀವಿ. ಸಾಲಿನಲ್ಲಿ ನೀವು ಬಹಳ ಹಿಂದೆ ಇದ್ದೀರಿ, ಯಾಕೆ ಹೆದರ್ತೀರಿ?"

ಮುಲ್ಲಾ ಗಡ್ಡ ಕೆರೆದುಕೊಂಡರು. ಕೊನೆಗೆ, "ಒಂದು ಕಡ್ಡಿ ಕೊಡು," ಎಂದರು. ಬೀದಿಯಲ್ಲಿ ನಿಂತೇ ತಿಂದರು. ಅದರಿಂದ ಜನವೇನೂ ನುಗ್ಗಿ ಬರಲಿಲ್ಲ. ಆದರೆ ಮುಚ್ಚಿಸುವ ಮಾತು ನಿಂತಿತು. ನಜಾತ್‌ಗೆ ನಾಚಿಕೆಯಾಗಿ ಮರುದಿನ ಚಾಕು ಹಿಡಿದ. ಇಬ್ಬರೂ ಅಕ್ಕಪಕ್ಕ ಕೂರತೊಡಗಿದರು.

ಮಗು ನಡೆಯಿತು, ಓಡಿತು, ಮಾತು ಕಲಿಯಿತು. ತಾವೂಸ್ ಸಾಯಲಿಲ್ಲ. ಆದರೆ ಆ ಸರ್ಜನ್ನರ ಮಾತು ಮನೆಯ ಗೋಡೆಗೆ ಹೊಡೆದ ಮೊಳೆಯ ಹಾಗೆ ಇದ್ದೇ ಇತ್ತು. ಅವಳು ಕೆಮ್ಮಿದರೆ ಅಣ್ಣ ಬೆಚ್ಚುತ್ತಿದ್ದ.

ಅಷ್ಟರಲ್ಲಿ ಅವಳ ತಮ್ಮ ಮನೂಚೆಹರನಿಗೆ ಮದುವೆ ಗೊತ್ತಾಯಿತು. ಅವನು ಸೌಮ್ಯ ಹುಡುಗ, ಬಟ್ಟೆಗೆ ಅಚ್ಚು ಒತ್ತುವ ಕೆಲಸದವನು. ನಿಶ್ಚಿತಾರ್ಥ ಮುಗಿದ ಮೇಲೆ ಜ್ವರ ಬಂದು ಮಲಗಿದ. ಕಣ್ಣಿನ ಹಳದಿ ಏರಿತು. ಹೆಣ್ಣಿನ ಕಡೆಯವರು ಉಂಗುರ ವಾಪಸು ಕಳಿಸಿದರು. ಅವನ ತಂದೆ ಗಾಬರಿಯಾಗಿ ಅದೇ ಸರ್ಜನ್ ಬಳಿಗೆ ಒಯ್ದರು. ಅಕ್ಕನ ಹೊಟ್ಟೆಯಲ್ಲಿ ಕಂಡದ್ದನ್ನು ಅವರು ಮರೆತಿದ್ದರೋ, ಇವನು ಅವಳ ತಮ್ಮನೆಂದು ಗೊತ್ತಾಗಲಿಲ್ಲವೋ. ಇವನಿಗೂ ಕಲ್ಲಿರಬೇಕು, ಕೊಯ್ಯಬೇಕು ಎಂದರು.

ಸುದ್ದಿ ಬಂದಾಗ ತಾವೂಸ್ ಅಂಗಡಿಯಲ್ಲಿದ್ದಳು. ಕೈ ಕೂಡ ತೊಳೆಯಲಿಲ್ಲ. "ಮಹೀನ್, ಬಾ" ಎಂದಳು, ಅಷ್ಟೇ. ನಾನು ಮುಸುಕು ಹೊದ್ದು ಹಿಂದೆ ಓಡಿದೆ.

ಆಸ್ಪತ್ರೆಯಲ್ಲಿ ಮನೂಚೆಹರನಿಗೆ ಉದ್ದನೆಯ ಅಂಗಿ ಹಾಕಿ ಮಂಚದಲ್ಲಿ ಮಲಗಿಸಿದ್ದರು. ತಂದೆ ಪಕ್ಕದಲ್ಲಿ ಪ್ರಾರ್ಥನೆ ಗುನುಗುತ್ತಿದ್ದರು.

"ಏಳೋ," ಎಂದಳು ತಾವೂಸ್.

"ಅಕ್ಕಾ, ಡಾಕ್ಟರು..."

"ಡಾಕ್ಟರು ನನ್ನನ್ನ ಕೊಯ್ದು ಏನು ಕಂಡ್ರು? ಕಲ್ಲು ಕಂಡ್ರಾ? ಕಪ್ಪು ಕಂಡ್ರು. ನಿನ್ನೊಳಗೂ ಕಪ್ಪೇ ಕಾಣುತ್ತೆ. ಅದನ್ನ ನೋಡೋಕೆ ಹೊಟ್ಟೆ ಯಾಕೆ ಸೀಳ್ಬೇಕು? ಏಳು!"

ನರ್ಸ್ ಅಡ್ಡ ಬಂದಳು. "ಎಲ್ಲಿಗೆ ಕರಕೊಂಡು ಹೋಗ್ತೀಯಮ್ಮ? ಅವನು ರೋಗಿ!"

"ಇವನು ನನ್ನ ತಮ್ಮ. ರೋಗಿ ಅನ್ನೋದು ನಿನ್ನ ಮಾತು."

ಅವಳು ಅವನ ಕೈ ಹಿಡಿದು ಎಳೆದೇ ಬಿಟ್ಟಳು. ಆಸ್ಪತ್ರೆಯ ಅಂಗಿಯಲ್ಲೇ, ಮೇಲೆ ನನ್ನ ಮುಸುಕು ಹೊದಿಸಿಕೊಂಡು, ಮನೂಚೆಹರ್ ಹೊರಗೆ ಬಂದ. ತಂದೆ ಹಿಂದಿನಿಂದ ಶಾಪ ಹಾಕುತ್ತ ಬಂದರು. ನದಿಯ ಸೇತುವೆಯ ಮೇಲೆ ನಮ್ಮ ಮೆರವಣಿಗೆ ನೋಡಲು ಜನ ನಿಂತರು. ಆಚೆ ದಡದ ಅರ್ಮೇನಿಯನ್ ಕೇರಿಯಲ್ಲಿ ಸಿರಾನೂಶ್ ಎಂಬ ಹೆಂಗಸು ಡಾಕ್ಟರ್ ಇದ್ದಾರೆ, ಹೊರದೇಶದಲ್ಲಿ ಓದಿ ಬಂದಿದ್ದಾರೆ, ಕೊಯ್ಯುವ ಮೊದಲು ಹತ್ತು ಸಲ ಯೋಚಿಸುತ್ತಾರೆ ಎಂದು ತಾವೂಸ್ ಯಾವಳೋ ಗಿರಾಕಿಯ ಬಾಯಲ್ಲಿ ಕೇಳಿದ್ದಳು.

ಡಾಕ್ಟರ್ ಸಿರಾನೂಶ್ ಸಣ್ಣ ಆಕೃತಿಯ, ದಪ್ಪ ಕನ್ನಡಕದ ಹೆಂಗಸು. ಮುಸುಕು ಹೊದ್ದ ಗಂಡಸನ್ನು ಒಮ್ಮೆ, ಮಸಿ ಕೈಯ ತಾವೂಸ್‌ಳನ್ನು ಒಮ್ಮೆ ನೋಡಿದರು. ತಾವೂಸ್ ಒಂದೇ ಉಸಿರಿನಲ್ಲಿ ಎಲ್ಲ ಹೇಳಿದಳು. ಡಾಕ್ಟರು ಮಧ್ಯೆ ಮಧ್ಯೆ ಕೇಳಿದರು. ಮೈ ತುರಿಸುತ್ತಾ? ಇಲ್ಲ. ಕೊಬ್ಬು ತಿಂದ್ರೆ ಅರಗುತ್ತಾ? ಅರಗುತ್ತೆ. ತಂದೆತಾಯಿ ಸಂಬಂಧಿಕರಾ? ಅಣ್ಣತಮ್ಮಂದಿರ ಮಕ್ಕಳು.

"ಕಪ್ಪಗಿತ್ತು ಅಂದ್ರಾ? ಪೂರ್ತಿ ಕಪ್ಪಾ?" ಡಾಕ್ಟರ ದನಿ ಬದಲಾಯಿತು. "ಇಂಥದ್ದರ ಬಗ್ಗೆ ಓದಿದ್ದೀನಿ. ಕಣ್ಣಾರೆ ನೋಡಿಲ್ಲ."

"ಓದಿದ್ದೀರಲ್ಲ, ಸಾಯ್ತಾರೆ ಅಂತ ಬರೆದಿದೆಯಾ?"

"ಮೊದಲು ಪರೀಕ್ಷೆ ಮಾಡೋಣ, ಆಮೇಲೆ ಹೇಳ್ತೀನಿ."

ಮನೂಚೆಹರನ ಜ್ವರ ಇಳಿದ ಮೇಲೆ ಇಬ್ಬರನ್ನೂ ಕರೆಸಿದರು. ನಜಾತ್ ಕೂಡ ಬಂದಿದ್ದ. ಅಕ್ಕ ತಮ್ಮ ಇಬ್ಬರ ತೋಳಿಗೂ ಒಂದು ಬಣ್ಣದ ಮದ್ದನ್ನು ಚುಚ್ಚಿದರು. ಆಮೇಲೆ ಹೊತ್ತು ಹೊತ್ತಿಗೆ ಇನ್ನೊಂದು ತೋಳಿನಿಂದ ರಕ್ತ ತೆಗೆದು, ಅದರ ತಿಳಿಯನ್ನು ಗಾಜಿನ ಕೊಳವೆಗಳಲ್ಲಿ ಸಾಲಾಗಿ ಇಟ್ಟು, ಒಂದೊಂದಕ್ಕೂ ಎರಡು ಹನಿ ಏನೋ ಹಾಕಿದರು. ಮೊದಲ ಕೊಳವೆ ಕಡು ನೇರಳೆಯಾಯಿತು. ಅದರ ಪಕ್ಕದ್ದು ತೆಳು, ಇನ್ನೊಂದು ಇನ್ನೂ ತೆಳು. ಕೊನೆಯದು ಇನ್ನಷ್ಟು ತಿಳಿಯಾಗಬೇಕಿತ್ತು. ಆಗಲಿಲ್ಲ. ಮತ್ತೆ ನೇರಳೆಯಾಯಿತು. ತಮ್ಮನದೂ ಹಾಗೇ.

ಡಾಕ್ಟರ್ ಸಿರಾನೂಶ್ ಕನ್ನಡಕ ತೆಗೆದು ಒರೆಸಿಕೊಂಡರು. ಅವರ ಮುಖದಲ್ಲಿ ನಗೆ.

"ಬನ್ನಿ, ನೋಡಿ. ಈ ಬಣ್ಣ ದೇಹಕ್ಕೆ ಬೇಡದ ವಸ್ತು. ಬೇಡದ್ದನ್ನ ರಕ್ತದಿಂದ ಎಳೆದುಕೊಳ್ಳೋದು ಜಿಗರಿನ ಕೆಲಸ. ನಿನ್ನ ಜಿಗರ್ ಎಳೆದುಕೊಳ್ತು, ಅದಕ್ಕೇ ರಕ್ತ ತಿಳಿಯಾಯ್ತು. ಎಳೆದುಕೊಂಡದ್ದನ್ನ ಹಿಂದಿನ ಬಾಗಿಲಿಂದ ಪಿತ್ತಕ್ಕೆ ದೂಡಬೇಕು, ಪಿತ್ತ ಅದನ್ನ ಕರುಳಿಗೆ ಸಾಗಿಸುತ್ತೆ, ಕರುಳಿಂದ ಹೊರಗೆ. ನಿನ್ನ ಜಿಗರಿಗೆ ಆ ದೂಡೋದು ಆಗ್ತಿಲ್ಲ. ಹುಟ್ಟಿನಿಂದಲೇ, ಒಂದೇ ರಕ್ತದ ತಂದೆತಾಯಿಯಿಂದ ನಿಮ್ಮಿಬ್ಬರಿಗೂ ಬಂದದ್ದು. ಹಾಗಾಗಿ ತೆಗೆದುಕೊಂಡದ್ದನ್ನ ಮುಂದಿನ ಬಾಗಿಲಿಂದ ರಕ್ತಕ್ಕೇ ವಾಪಸ್ ಕೊಡ್ತು."

"ಕಣ್ಣಿನ ಹಳದಿ?" ಎಂದ ನಜಾತ್.

"ಅದೂ ಹೀಗೇ. ಹಳೇ ರಕ್ತ ಮುರಿದಾಗ ಒಂದು ಹಳದಿ ಕಸ ಉಳಿಯುತ್ತೆ. ಅದು ನೀರಲ್ಲಿ ಕರಗಲ್ಲ. ಜಿಗರ್ ಅದನ್ನ ಹದ ಮಾಡಿ, ಕರಗೋ ಹಾಗೆ ಮಾಡಿ, ಪಿತ್ತಕ್ಕೆ ಕಳಿಸುತ್ತೆ. ಇವರಲ್ಲಿ ಹದ ಆಗುತ್ತೆ, ಹೊರಗೆ ಹೋಗಲ್ಲ. ವಾಪಸ್ ರಕ್ತಕ್ಕೆ ಬಂದು ಕಣ್ಣಲ್ಲಿ ಕಾಣುತ್ತೆ, ಆಮೇಲೆ ಮೂತ್ರದಲ್ಲಿ ಹೋಗುತ್ತೆ. ಅದಕ್ಕೇ ಆ ಕಡು ಬಣ್ಣ."

ನಜಾತ್‌ಗೆ ಸಮಾಧಾನವಾಗಲಿಲ್ಲ. ಅವನು ಕುರಿಗಳಿಂದಲೇ ಯೋಚಿಸುವವನು. "ಆದ್ರೆ ಡಾಕ್ಟರೇ, ಪಿತ್ತದ ಚೀಲ ಕಟ್ಟಿಕೊಂಡ ಕುರಿಯ ಜಿಗರ್ ಊದಿ ಕೆಟ್ಟು ಹೋಗಿರುತ್ತೆ. ನಾನು ನೋಡಿದ್ದೀನಿ."

"ಅದು ದಾರಿ ಕಟ್ಟಿದಾಗ. ಇವಳ ದಾರಿ ಕಟ್ಟಿಲ್ಲ, ಪಿತ್ತ ಹರಿಯುತ್ತಲೇ ಇದೆ. ಕೆಲವು ಸಾಮಾನು ಮಾತ್ರ ಆ ದಾರಿಗೆ ಇಳೀತಿಲ್ಲ. ಇಳಿಯದೆ ಉಳಿದ ಇನ್ನೇನೋ ಒಳಗೇ ಕೂತು ಕಪ್ಪಾಗಿದೆ. ಅಡುಗೆಮನೆ ಗೋಡೆಗೆ ಮಸಿ ಹಿಡಿಯಲ್ವಾ? ಅಡುಗೆ ನಿಲ್ಲುತ್ತಾ?"

"ಹಾಗಾದ್ರೆ ಸಾಯಲ್ಲ," ಎಂದಳು ತಾವೂಸ್. ಪ್ರಶ್ನೆಯಾಗಿರಲಿಲ್ಲ ಅದು.

"ಇದರಿಂದ ಸಾಯಲ್ಲ. ಬಸುರಿಯಾದ್ರೆ ಹಳದಿ ಏರುತ್ತೆ, ಹೆತ್ತ ಮೇಲೆ ಇಳಿಯುತ್ತೆ. ಔಷಧಿ ಇಲ್ಲ, ಬೇಕಾಗಿಯೂ ಇಲ್ಲ. ಆಗ ಬಂದ ಹೊಟ್ಟೆನೋವೂ ಇದರದ್ದೇ ಇರಬೇಕು. ಇದು ಅಂಟೋ ಕಾಮಾಲೆ ಅಲ್ಲ."

ನಜಾತ್ ಗೋಡೆಗೆ ಒರಗಿ ನೆಲದ ಮೇಲೆ ಕೂತುಬಿಟ್ಟ. ಗಂಡಸು ಹಾಗೆ ಬಿಕ್ಕಿ ಬಿಕ್ಕಿ ಅಳುವುದನ್ನು ನಾನು ನೋಡಿದ್ದು ಅದೇ ಮೊದಲು. ತಾವೂಸ್ ಅವನ ಕಡೆ ನೋಡಲಿಲ್ಲ. ಕಿಟಕಿಯ ಕಡೆ ಮುಖ ಮಾಡಿ ನಿಂತಳು.

"ನನಗೆ ಹೊಟ್ಟೆಯುದ್ದಕ್ಕೂ ಗೀರು ಹಾಕಿದ್ರು," ಎಂದಳು ಕೊನೆಗೆ. "ಆಮೇಲೆ ಹೆಣದ ಬಟ್ಟೆ ಹೊಲಿಸಿದ್ರು. ಒಂದು ಸೂಜಿಮದ್ದಲ್ಲಿ ಗೊತ್ತಾಗೋ ವಿಷಯಕ್ಕೆ."



ಅಲ್ಲಿಂದ ಅವಳು ಮನೆಗೆ ಬರಲಿಲ್ಲ. ಉಂಗುರ ವಾಪಸು ಕಳಿಸಿದ್ದ ಹೆಣ್ಣಿನವರ ಮನೆಗೆ ನೆಟ್ಟಗೆ ಹೋದಳು, ನಾವೆಲ್ಲ ಹಿಂದೆ. ಹುಡುಗಿಯ ತಂದೆ ಬಾಗಿಲಲ್ಲೇ ತಡೆದರು. ತಾವೂಸ್ ಹೊಸ್ತಿಲ ಮೇಲೆ ಕೂತು ಡಾಕ್ಟರ್ ಹೇಳಿದ್ದನ್ನೆಲ್ಲ ತನ್ನ ಮಾತಿನಲ್ಲಿ ಹೇಳಿದಳು: ಎಳೆದುಕೊಳ್ಳುವುದು, ಹದ ಮಾಡುವುದು, ದೂಡುವುದು, ವಾಪಸು ಬರುವುದು. ಬೀದಿಯ ಹೆಂಗಸರು ಸೇರಿದರು. ಗುಲಂದಾಮ್ ಅತ್ತೆಯೂ ಅದರಲ್ಲಿದ್ದಳು.

"ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ," ಎಂದಳು ಗುಲಂದಾಮ್. "ಮುಂಬಾಗಿಲು ಅಂತೆ, ಹಿಂಬಾಗಿಲು ಅಂತೆ. ಎಷ್ಟು ಹೇಳಿದ್ರೂ ಹಳದಿ ಹಳದಿನೇ ಕಣೇ."

"ಹೌದತ್ತೆ, ಹಳದಿನೇ," ತಾವೂಸ್ ಎದ್ದು ನಿಂತಳು. "ನಾನು ಹಳದಿ ಅಲ್ಲ ಅಂತ ಹೇಳೋಕೆ ಬಂದಿಲ್ಲ. ಹಳದಿ, ಒಳಗೆ ಕಪ್ಪು. ಸಾಯೋವರೆಗೂ ಹೀಗೇ ಇರ್ತೀನಿ, ಇವನೂ ಹೀಗೇ ಇರ್ತಾನೆ. ಅದರಿಂದ ಯಾರಿಗೆ ಏನು ಆಗ್ತಿದೆ ಹೇಳಿ? ನಿಮ್ಮ ಒಳಗನ್ನ ಯಾರೂ ಕೊಯ್ದು ನೋಡಿಲ್ಲ, ಅದಕ್ಕೇ ಕೆಂಪಗಿದೆ ಅಂದ್ಕೊಂಡಿದ್ದೀರಿ."

ಆಗ ಒಳಗಿನಿಂದ ಹುಡುಗಿ ಬಂದಳು. ಪರೀಚೆಹರ್ ಎಂದು ಹೆಸರು. ಮನೂಚೆಹರ್ ಬೀದಿಯ ಆಚೆ ಗೋಡೆಗೆ ಅಂಟಿಕೊಂಡು ನಿಂತಿದ್ದ, ನೆಲ ನೋಡುತ್ತ.

"ಅಪ್ಪಾ, ಉಂಗುರ ಕಳಿಸುವಾಗ ನನ್ನನ್ನ ಕೇಳಲಿಲ್ಲ ನೀವು," ಎಂದಳು ಹುಡುಗಿ.

"ನಿನ್ನನ್ನೇನು ಕೇಳೋದು?"

"ಈಗ ಕೇಳಿ."

ತಂದೆ ಕೇಳಲಿಲ್ಲ. ಬಾಗಿಲು ಹಾಕಿಕೊಂಡರು. ಆದರೆ ಮುಂದಿನ ವಾರಗಳಲ್ಲಿ ಮನೆಯೊಳಗೆ ಏನೇನು ನಡೆಯಿತೋ, ಹುಡುಗಿ ಊಟ ಬಿಟ್ಟಳೆಂದೂ, ಮುಲ್ಲಾ ಹನೂಕಾ ಎರಡು ಸಲ ಹೋಗಿ ಕೂತು ಬಂದರೆಂದೂ ಕೇಳಿದೆವು. ಕಡೆಗೆ ಮದುವೆ ಆಯಿತು. ಆ ತಂದೆ ಇಂದಿಗೂ ಅಳಿಯನ ಕಣ್ಣು ನೋಡಿ ಮಾತಾಡುವುದಿಲ್ಲ. ಇರಲಿ. ಅವರಿಗೆ ಮೂರು ಮಕ್ಕಳು.

ತಾವೂಸ್ ಮತ್ತೆ ಬಸುರಿಯಾದಾಗ ಅಮ್ಮ ಮೂರ್ಛೆ ಹೋಗುವುದೊಂದು ಬಾಕಿ. ಡಾಕ್ಟರ್ ಸಿರಾನೂಶ್ ಹೇಳಿದ್ದ ಹಾಗೇ ಹಳದಿ ಏರಿತು. ಹಿಂದಿನ ಸಲ ಅವಳು ಮುಖ ಮುಚ್ಚಿ ಮನೆಯ ಮೂಲೆಯಲ್ಲಿ ಕೂತಿದ್ದಳು. ಈ ಸಲ ಹಸಿರು ರೇಷ್ಮೆಯ ತಲೆವಸ್ತ್ರ ಕಟ್ಟಿಕೊಂಡು, ಹೊಟ್ಟೆ ಮುಂದೆ ಮಾಡಿಕೊಂಡು, ನಡು ಬಜಾರಿನಲ್ಲಿ ನಡೆದಳು.

"ಆ ಬಣ್ಣ ಬೇಡ ಅತ್ತಿಗೆ, ಹಸಿರಿಗೆ ನಿಮ್ಮ ಹಳದಿ ಇನ್ನೂ ಎದ್ದು ಕಾಣುತ್ತೆ," ಎಂದೆ.

"ಕಾಣಲಿ ಅಂತಾನೇ ಕಣೇ ಕಟ್ಟಿರೋದು."

ಗಂಡು ಮಗು ಹುಟ್ಟಿತು. ಅದು ಕೂರಲು ಕಲಿತ ಮೇಲೆ ಒಂದು ದಿನ ತಾವೂಸ್ ಅದನ್ನು ಎತ್ತಿಕೊಂಡು, ನನಗೆ ಹೊರಡು ಎಂದಳು. ಎಲ್ಲಿಗೆ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಆ ಆಸ್ಪತ್ರೆಯ ಮುಂದೆ ನಿಂತಾಗಲೇ ತಿಳಿದದ್ದು.

ಸರ್ಜನ್ ತಮ್ಮ ಕೋಣೆಯಲ್ಲಿ ಚಹಾ ಕುಡಿಯುತ್ತಿದ್ದರು. ಮುದುಕರಾಗಿದ್ದರು, ಕೈ ಸ್ವಲ್ಪ ಅದುರುತ್ತಿತ್ತು. ತಾವೂಸ್ ಬಾಗಿಲು ದೂಡಿಕೊಂಡು ಒಳಗೆ ಹೋಗಿ ಮೇಜಿನ ಮುಂದೆ ನಿಂತಳು.

"ನನ್ನ ಗುರುತು ಸಿಕ್ತಾ ಡಾಕ್ಟರೇ?"

ಅವರು ಕನ್ನಡಕದ ಮೇಲಿನಿಂದ ನೋಡಿದರು. "ಯಾರಮ್ಮ?"

"ನೀವು ಹೊಟ್ಟೆ ಕೊಯ್ದು ಕಪ್ಪು ಜಿಗರ್ ನೋಡಿದ್ರಲ್ಲ, ಅವಳು. ಬಹಳ ದಿನ ಇರಲ್ಲ ಅಂದಿದ್ರಿ. ಇದು ಆಮೇಲೆ ಹುಟ್ಟಿದ್ದು." ಮಗುವನ್ನು ಮೇಜಿನ ಮೇಲೆ, ಅವರ ಕಾಗದಪತ್ರಗಳ ನಡುವೆ ಕೂರಿಸಿದಳು.

ಮುದುಕರು ಮಗುವನ್ನು ನೋಡಿದರು, ಅವಳನ್ನು ನೋಡಿದರು. "ನಾನು ಎಷ್ಟೋ ಜನರನ್ನ ಕೊಯ್ದಿದ್ದೀನಿ ತಾಯಿ. ನಿಜವಾಗಿ ನೆನಪಿಲ್ಲ."

ಬರುವ ದಾರಿಯುದ್ದಕ್ಕೂ ಅವಳು ಹಲ್ಲು ಕಚ್ಚಿಕೊಂಡು ಮಾತು ಜೋಡಿಸಿಕೊಳ್ಳುತ್ತಿದ್ದುದನ್ನು ನಾನು ನೋಡಿದ್ದೆ. ಆ ಮಾತುಗಳೆಲ್ಲ ಎಲ್ಲಿ ಹೋದವೋ.

"ನನಗೆ ನೆನಪಿದೆ," ಎಂದಳು. "ಇನ್ನೊಬ್ಬರ ಹೊಟ್ಟೇಲಿ ಕಪ್ಪು ಕಂಡ್ರೆ, ಆಚೆ ದಡದ ಡಾಕ್ಟರ್ ಸಿರಾನೂಶ್ ಅವರನ್ನ ಒಂದು ಮಾತು ಕೇಳಿ. ಆಮೇಲೆ ಸಾಯ್ತಾರೆ ಅಂತ ಹೇಳಿ. ಅಷ್ಟು ಮಾಡ್ತೀರಾ?"

ಅವರು ತಲೆಯಾಡಿಸಿದರು. ಹೌದೆಂದೋ, ಹೊರಗೆ ಹೋಗೆಂದೋ ನನಗೆ ತಿಳಿಯಲಿಲ್ಲ. ಅಷ್ಟರಲ್ಲಿ ಮಗು ಅವರ ಚಹಾದ ಲೋಟ ಉರುಳಿಸಿತು. ಕಾಗದಗಳೆಲ್ಲ ತೊಯ್ದವು. ತಾವೂಸ್ ಕ್ಷಮೆ ಕೇಳಲಿಲ್ಲ, ಒರೆಸಲೂ ಇಲ್ಲ. ಮಗನನ್ನು ಸೊಂಟಕ್ಕೇರಿಸಿಕೊಂಡು ಹೊರಟಳು. ಬೀದಿಗೆ ಬಂದ ಮೇಲೆ ನನ್ನ ಕಡೆ ತಿರುಗಿ, "ಹಸಿವಾಗ್ತಿದೆ ಮಹೀನ್, ಬೇಗ ನಡಿ. ನಿನ್ನಣ್ಣ ಇಷ್ಟೊತ್ತಿಗೆ ಜಿಗರ್ ಎಲ್ಲ ಕರಕಲು ಮಾಡಿರ್ತಾನೆ," ಎಂದಳು.